ಮಾಳಿಗೆಯನ್ನು ನೆಲವೆಂದು ಓದಿದ ನಕ್ಷೆ

ಮೊದಲು ನನ್ನ ದಡ್ಡತನವನ್ನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಹುಸೇನಸಾಬ ಎಂಬ ಹಿರಿಯರು ತುಂಬಿದ ಸಭೆಯಲ್ಲಿ ಎದ್ದು ನಿಂತು ನನ್ನ ನಕ್ಷೆಯ ತಪ್ಪನ್ನು ಬಿಡಿಸಿ ಹೇಳಿದರು. ಅವರ ಕೆಮ್ಮು, ಅವರು ಉಸಿರು ಎಳೆದುಕೊಳ್ಳುವ ರೀತಿ, ಮಾತಿನ ನಡುವೆ ಗಡ್ಡ ನೀವಿಕೊಳ್ಳುವುದು, ಎಲ್ಲವನ್ನೂ ಕೂತಲ್ಲೇ ಕಲಿತುಕೊಂಡೆ. ಅವರು ಹೇಳಿದ್ದೇನು ಎಂಬುದೊಂದನ್ನು ಬಿಟ್ಟು.

ಇದು ನಿವೃತ್ತನ ಬರಹ. ನನಗೆ ಮೂವತ್ತಮೂರು. ನಗಬೇಡಿ. ಹೊರಗುತ್ತಿಗೆಯವನಿಗೆ ನಿವೃತ್ತಿ ಬರಲು ಕೂದಲು ಹಣ್ಣಾಗಬೇಕಿಲ್ಲ. ನನಗೆ ಯಾರೂ ಶಾಲು ಹೊದಿಸಲಿಲ್ಲ, ನಾಲ್ಕು ಮಾತಾಡಲಿಲ್ಲ. ಒಂದು ಬೆಳಿಗ್ಗೆ ಕಂಪ್ಯೂಟರು ನನ್ನ ಪಾಸ್‌ವರ್ಡ್ ಒಪ್ಪಿಕೊಳ್ಳಲಿಲ್ಲ, ಅಷ್ಟೇ. ಈಗ ರೋಣದಲ್ಲಿ ಮಾವನ ಝೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತೇನೆ. ಇಲ್ಲಿಯೂ ನಕಲು ತೆಗೆಯುವುದೇ ಕೆಲಸ. ವ್ಯತ್ಯಾಸವೆಂದರೆ ಈ ಯಂತ್ರ ಕಾಗದದ ಮೇಲಿದ್ದದ್ದನ್ನೆಲ್ಲ ಬಿಡದೆ ಇಳಿಸಿಕೊಳ್ಳುತ್ತದೆ, ನನ್ನ ಹಾಗೆ ರುಚಿ ನೋಡಿ ಆರಿಸಿಕೊಳ್ಳುವುದಿಲ್ಲ. ನಕ್ಷೆ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು, ಹುಡುಗಿಯರು ಅಂಕಪಟ್ಟಿ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಆ ಕೆಲಸ ಹ್ಯಾಂಗಿರತೈತಿ?" ಎಂದು ಕೇಳುತ್ತಾರೆ. ಯಂತ್ರ ಬಿಸಿಯಾಗುವವರೆಗೆ ಹೇಳಿ ಮುಗಿಯುವಂಥದ್ದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕೆಲಸ ಇಷ್ಟು. ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿದ ಕೌದಿಯೊಂದನ್ನು ನೆನೆಸಿಕೊಳ್ಳಿ. ಅದರ ತುಂಡುಗಳೆಲ್ಲ ಒಂದೇ ಅಳತೆಯ ಚೌಕಗಳು ಎಂದಿಟ್ಟುಕೊಳ್ಳಿ. ಪ್ರತಿ ಚೌಕದ ಮೇಲೂ ಒಂದೇ ಅಂಕಿ: ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ. ಇದೇ ರಾಸ್ಟರ್ ನಕ್ಷೆ. ಒಂದು ನಕ್ಷೆಯನ್ನು ನಂಬಬಾರದೆಂದು ಒಂದೇ ಸೀಮೆಯ ಎರಡು, ಮೂರು ನಕ್ಷೆ ತಂದು ಒಂದರ ಮೇಲೊಂದು ಹಾಸುತ್ತಿದ್ದೆವು. ಒಂದರಿಂದ ಇನ್ನೊಂದನ್ನು ಕಳೆಯುತ್ತಿದ್ದೆವು. ಎಲ್ಲಿ ಉತ್ತರ ಸೊನ್ನೆಯ ಹತ್ತಿರವೋ ಅಲ್ಲಿ ನಿಶ್ಚಿಂತೆ. ಎಲ್ಲಿ ನಕ್ಷೆಗಳು ಜಗಳವಾಡುತ್ತವೆಯೋ ಅಲ್ಲಿ ನಡೆದು ಹೋಗಿ ನೋಡಬೇಕು. ನಡೆದು ಹೋಗಿ ನೋಡಬೇಕು ಎಂಬ ಭಾಗವನ್ನು ನಮ್ಮ ಪಾಟೀಲ ಸರ್ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ನಾನು ಅದನ್ನು ಅವರದೇ ದನಿಯಲ್ಲಿ ದಿನಕ್ಕೆ ಆರು ಸಲ ಹೇಳುತ್ತಿದ್ದೆ.

ಪಾಟೀಲ ಸರ್ ನಮ್ಮ ಕಚೇರಿಯ ಹಿರಿಯ ತಲೆ. ಪ್ರತಿ ವಾಕ್ಯವನ್ನೂ "ಏನಪಾ ಅಂದ್ರ" ಎಂದು ಶುರು ಮಾಡಿ, ಮುಗಿಸುವಷ್ಟರಲ್ಲಿ ಏನೆಂಬುದನ್ನು ಮರೆತು, ಮತ್ತೆ "ಏನಪಾ ಅಂದ್ರ" ಎನ್ನುತ್ತಿದ್ದರು. ಒಮ್ಮೆ ಅವರ ಮನೆಗೆ ಫೋನು ಮಾಡಿ ಅವರ ದನಿಯಲ್ಲೇ "ಇವತ್ತ ಊಟಕ್ಕ ಬರೂದಿಲ್ಲ" ಎಂದಿದ್ದೆ. ಪಾಪ, ಸಂಜೆಯವರೆಗೆ ಉಪವಾಸ ಇದ್ದರು. ಗೊತ್ತಾದ ಮೇಲೆ ಬೈಯಲಿಲ್ಲ. "ಏನಪಾ ಅಂದ್ರ, ಚಲೋ ತಗದಿ ದನಿ, ಬರೇ ಮೂಗು ಸ್ವಲ್ಪ ಹೆಚ್ಚಾಗೇತಿ" ಎಂದು ತಿದ್ದಿದರು. ಅಂಥ ಮೇಲಧಿಕಾರಿ ಸಿಕ್ಕರೆ ನನ್ನಂಥವನು ಕೆಡದೆ ಇರುವುದು ಹೇಗೆ?

ಮೊದಲ ಎಡವಟ್ಟು ಗಜೇಂದ್ರಗಡದ್ದು. ಬೇರೆಬೇರೆ ಉಪಗ್ರಹಗಳು ತೆಗೆದ ಎರಡು ನಕ್ಷೆಗಳನ್ನು ಕಳೆದಾಗ ಗುಡ್ಡದ ಉದ್ದಕ್ಕೂ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ನೀಲಿ. ಕೆಂಪೆಂದರೆ ನೆಲ ಏರಿದೆ, ನೀಲಿಯೆಂದರೆ ಕುಸಿದಿದೆ. ಗುಡ್ಡ ಕುಸಿಯುತ್ತಿದೆ ಎಂದು ವರದಿ ಬರೆದೆ. ಸರ್ ಜೀಪು ತೆಗೆಸಿದರು. ಗುಡ್ಡದ ಬುಡದಲ್ಲಿ ನಿಂತರೆ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು, ಕೆಳಗೆ ಕುರಿ ಮೇಯುತ್ತಿದ್ದವು. ಸರ್ ಕುರುಬರ ಹುಡುಗನೊಬ್ಬನನ್ನು ಕರೆದು ಗಂಭೀರವಾಗಿ ಕೇಳಿದರು: "ಏನಪಾ ಅಂದ್ರ, ಈ ಗುಡ್ಡ ಎಲ್ಲರೆ ಸರದೈತೇನು?"

ಅವನು ಗುಡ್ಡವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಸರದಿದ್ರ ಹೇಳತಿದ್ದೆನ್ರಿ. ನಮ್ಮ ಕುರಿ ಅದರ ಮ್ಯಾಲಽ ಅದಾವು" ಎಂದ.

ಆದದ್ದೇನೆಂದರೆ, ಎರಡು ಕೌದಿಗಳ ಅಂಚಿಗೆ ಅಂಚು ಕೂಡಿಸದೆ ಹಾಸಿದ್ದೆ. ಒಂದು ಅರ್ಧ ಚೌಕ ಸರಿದಿತ್ತು. ಬಯಲಿನಲ್ಲಿ ಅರ್ಧ ಚೌಕ ಸರಿದರೆ ಯಾರಿಗೂ ತಿಳಿಯದು. ಗುಡ್ಡದಲ್ಲಿ ಅದೇ ಪ್ರಳಯ. ಕಳೆಯುವ ಮೊದಲು ಕೂಡಿಸಿ ನೋಡಿ ಎಂಬುದು ಈ ಕೆಲಸದ ಮೊದಲ ಪಾಠ. ನಾನು ಅದನ್ನು ಕುರಿಗಳ ಎದುರಿಗೆ ಕಲಿತೆ.

ಎರಡನೆಯದು ನರಗುಂದದ ಎರಿ ಹೊಲಗಳದು. ಎರಿ ಎಂದರೆ ಕಪ್ಪು ಮಣ್ಣು, ಚಾಪೆ ಹಾಸಿದ ಹಾಗೆ ಬಯಲು. ಅಲ್ಲಿ ಮಳೆನೀರು ಯಾವ ಕಡೆ ಹರಿಯುತ್ತದೆಂದು ತೋರಿಸಬೇಕಿತ್ತು. ಕಂಪ್ಯೂಟರಿನ ಸ್ವಭಾವ ಏನೆಂದರೆ, ಇದ್ದಷ್ಟು ಎತ್ತರವನ್ನೇ ಹಿಗ್ಗಿಸಿ ಕೆಂಪಿನಿಂದ ನೀಲಿಯವರೆಗೆ ಎಲ್ಲ ಬಣ್ಣ ಬಳಿಯುತ್ತದೆ. ಮೊಣಕಾಲೆತ್ತರದ ಏರಿಳಿತಕ್ಕೆ ಹಿಮಾಲಯದ ಬಣ್ಣ. ಒಬ್ಬ ರೈತರು ಅದರ ಮುಂದೆ ಬಹಳ ಹೊತ್ತು ನಿಂತು, "ನನ್ನ ಹೊಲ ಇಷ್ಟ ಚಂದ ಐತೆಂತ ನನಗಽ ಗೊತ್ತಿರ್ಲಿಲ್ರಿ" ಎಂದರು. ಆಮೇಲೆ ಮೆತ್ತಗೆ, "ಒಡ್ಡು ಎಲ್ಲಿ ಹೋತ್ರಿ?" ಎಂದು ಕೇಳಿದರು. ಅವರ ಹೊಲದಲ್ಲಿ ನೀರನ್ನು ತಡೆಯುವುದೇ ಆ ಒಡ್ಡು. ನಮ್ಮ ಒಂದು ಚೌಕದ ಉದ್ದ ಮೂವತ್ತು ಮೀಟರು. ಒಡ್ಡಿನ ಅಗಲ ಎರಡು ಹೆಜ್ಜೆ. ಚೌಕ ಅದನ್ನು ನುಂಗಿ ನೀರು ಕುಡಿದಿತ್ತು. ಸಾಲದ್ದಕ್ಕೆ, ಆ ಹೊಲದ ಇಳಿಜಾರಿಗಿಂತ ನಮ್ಮ ಎರಡು ನಕ್ಷೆಗಳ ನಡುವಿನ ವ್ಯತ್ಯಾಸವೇ ಹೆಚ್ಚಿತ್ತು. ಆ ನಕ್ಷೆಯನ್ನು ಕಾಗದದಲ್ಲಿ ಸುತ್ತಿ ಒಳಗಿಡಬೇಕಿತ್ತು. ಬಣ್ಣ ಚೆನ್ನಾಗಿದೆ ಎಂದು ಗೋಡೆಗೆ ಹಾಕಿದೆವು.

ಇವೆರಡನ್ನೂ ಈಗಲೂ ನಗುತ್ತ ಹೇಳುತ್ತೇನೆ. ಕುರಿಗೂ ಹೊಲಕ್ಕೂ ನನ್ನಿಂದ ಏನೂ ಆಗಲಿಲ್ಲವಲ್ಲ.

ಹೊಳೆ ಬದಿಯ ಊರಿನ ಹೆಸರು ಬರೆಯುವುದಿಲ್ಲ. ಹೊಳೆಆಲೂರು, ಹೊಳೆಮಣ್ಣೂರ ಕಡೆಯವರಿಗೆ ಹೊಳೆ ಊರೊಳಗೆ ಬರುವುದೆಂದರೇನು ಎಂದು ನಾನು ಹೇಳಬೇಕಿಲ್ಲ. ಹೊಳೆ ಬಂದಾಗ ಯಾವ ಯಾವ ಓಣಿ ಮುಳುಗುತ್ತವೆ ಎಂದು ಪಟ್ಟಿ ಮಾಡಬೇಕಿತ್ತು. ಪಟ್ಟಿಯಲ್ಲಿ ಬಂದ ಓಣಿಯವರಿಗೆ ದಿಬ್ಬದ ಮೇಲೆ ಜಾಗ. ಬಾರದವರು ಇದ್ದಲ್ಲೇ ಇರಬೇಕು. ಹುಸೇನಸಾಬರ ಓಣಿ ಹೊಳೆಗೆ ಹತ್ತಿರವೇ. ಅರಳೆ ಹಿಂಜಿ ಗಾದಿ ಹೊಲಿಯುವ ಹತ್ತು ಹನ್ನೆರಡು ಮನೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ಒಂದರ ಮಾಳಿಗೆ ಇನ್ನೊಂದಕ್ಕೆ ಹತ್ತಿಕೊಂಡಿದೆ. ಓಣಿ ಎಷ್ಟು ಇಕ್ಕಟ್ಟೆಂದರೆ ಹೆಂಗಸರು ಕೆಳಗೆ ನಡೆಯುವುದಕ್ಕಿಂತ ಮೇಲೆಯೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿಬರುತ್ತಿದ್ದರು. ಮೆಣಸಿನಕಾಯಿ ಒಣಗುವುದು ಅಲ್ಲೇ, ಗಾದಿಗೆ ಬಿಸಿಲು ಕಾಯಿಸುವುದು ಅಲ್ಲೇ, ಮಾತುಕತೆಯೂ ಅಲ್ಲೇ. ಪ್ರತಿ ವರ್ಷ ಮಳೆಗೆ ಮುಂಚೆ ಸೋರದಿರಲಿ ಎಂದು ಮೇಲೆ ಹೊಸ ಸವಳು ಮಣ್ಣು ಹಾಕಿ ತುಳಿಯುತ್ತಿದ್ದರು.

ನನ್ನ ಕೈಯಲ್ಲಿ ಮೂರು ನಕ್ಷೆಗಳಿದ್ದವು. ಒಂದು ಹಳೆಯದು, ಕಾಲುವೆ ತರುವ ಕಾಲಕ್ಕೆ ಯಾರೋ ಅಳತೆಕೋಲು ಹಿಡಿದು ನೆಲದ ಮೇಲೆ ನಡೆದು ಬರೆದದ್ದು. ಅದರ ಅಂಕಿಗಳನ್ನು ನಾವೇ ಚೌಕಗಳಿಗೆ ತುಂಬಿದ್ದೆವು. ಇನ್ನೆರಡು ಉಪಗ್ರಹದವು. ಹಳೆಯದು ಆ ಓಣಿ ತಗ್ಗು ಎಂದಿತು. ಎರಡೂ ಉಪಗ್ರಹಗಳು ಎತ್ತರ ಎಂದವು. ಮೂರರಲ್ಲಿ ಎರಡು ಮತ. ನನಗೆ ಚುನಾವಣೆ ಮುಗಿದಂತೆಯೇ ಕಂಡಿತು.

ಆದರೂ ಸರ್ ಬಿಡಲಿಲ್ಲ. "ಏನಪಾ ಅಂದ್ರ, ನಡದ ಹೋಗಿ ನೋಡು."

ಹೋದೆ. ಎತ್ತರ ಅಳೆಯುವ ಜಿಪಿಎಸ್ ಕಂಬಕ್ಕೆ ಮೇಲೆ ಬಯಲು ಆಕಾಶ ಬೇಕು. ಓಣಿಯಲ್ಲಿ ನಿಂತರೆ ಎರಡು ಗೋಡೆಗಳ ನಡುವೆ ಅಂಗೈಯಷ್ಟು ಆಕಾಶ, ಅದಕ್ಕೂ ಹುಣಸೆಮರ ಅಡ್ಡ. ಹುಸೇನಸಾಬರ ಸೊಸೆ ಮಾಬುಬಿ ನಿಚ್ಚಣಿಕೆ ತೋರಿಸಿ, "ಮ್ಯಾಲ ಬರ್ರಿ, ಚಾ ತರತೀನಿ" ಎಂದರು. ಮಾಳಿಗೆಯ ಮೇಲೆ ಕಂಬ ನೆಟ್ಟೆ. ಯಂತ್ರ ಲಗೂನ ಅಂಕಿ ಕೊಟ್ಟಿತು. ಮಾಳಿಗೆಯ ಎತ್ತರ ಅಳೆದು ಇದರಲ್ಲಿ ಕಳೆಯಬೇಕು ಎಂದು ತಲೆಯಲ್ಲಿ ಇತ್ತು. ಚಹಾ ಬಂತು. ಪಕ್ಕದ ಮಾಳಿಗೆಗಳಿಂದ ಜನ ನಡೆದು ಬಂದರು. ಹೊಳೆಆಲೂರು ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಕೂಗಿ ಹೇಳುವ ದನಿ ತೆಗೆದು ತೋರಿಸಿದೆ; ಎಲ್ಲರೂ ನಕ್ಕರು. ಮಾಳಿಗೆಯಿಂದ ಮಾಳಿಗೆಗೆ ನಡೆದು ಇನ್ನೂ ನಾಲ್ಕು ಕಡೆ ಅಳೆದೆ. ಅಷ್ಟು ನಡೆದಾಡಿದ ಮೇಲೆ ನಾನು ನೆಲದ ಮೇಲಿಲ್ಲ ಎಂಬುದೇ ಮರೆತುಹೋಯಿತು.

ಕಚೇರಿಗೆ ಬಂದು ನೋಡಿದರೆ ನನ್ನ ಅಂಕಿಗಳು ಎರಡೂ ಉಪಗ್ರಹಗಳಿಗೆ ಸರಿಯಾಗಿ ಹೊಂದಿದವು. ಹೊಂದದೆ ಏನು? ಅವೂ ಮೇಲಿನಿಂದ ಮಾಳಿಗೆಯನ್ನೇ ನೋಡಿದ್ದವು, ನಾನೂ ಅದರ ಮೇಲೆಯೇ ನಿಂತಿದ್ದೆ. ಈಗ ಮೂರು ಮತ ಒಂದರ ಎದುರು. ಒಂದೇ ಗಂಟಲಿನಿಂದ ಮೂರು ಜನರ ದನಿ ಹೊರಡಿಸಿ ಬಾಗಿಲ ಆಚೆ ಇದ್ದವರನ್ನು ಮೋಸ ಮಾಡುವುದು ನನ್ನ ಹಳೆಯ ಚಾಳಿ. ನಕ್ಷೆಗಳು ನನಗೆ ಅದನ್ನೇ ಮಾಡಿದಾಗ ಗುರುತಿಸಲಿಲ್ಲ. ನಕ್ಷೆಗಳನ್ನು ಹೋಲಿಸಲು ಕೂರುವ ನಿಮಗೆ ನಾನು ಹೇಳಬೇಕಾದ ಮಾತು ಇದೊಂದೇ: ಎಷ್ಟು ನಕ್ಷೆ ಒಪ್ಪುತ್ತವೆ ಎಂದು ಎಣಿಸಬೇಡಿ, ಅವು ಎಲ್ಲೆಲ್ಲಿ ನಿಂತು ನೋಡಿದವು ಎಂದು ಕೇಳಿ.

ಸಭೆ ಸೇರಿತು. ಪಂಚಾಯ್ತಿ ಅಂಗಳದಲ್ಲಿ ನಕ್ಷೆ ತೂಗುಹಾಕಿ, ಮುಳುಗುವ ಓಣಿಗಳ ಹೆಸರು ಓದಿದೆ. ಪಾಟೀಲ ಸರ್ ಒಂದು ಬದಿಗೆ ಪಂಚಾಯ್ತಿಯವರ ಜೊತೆ ಮಾತಿನಲ್ಲಿದ್ದರು. ಹುಸೇನಸಾಬರ ಓಣಿ ಅದರಲ್ಲಿರಲಿಲ್ಲ. ಅವರು ಎದ್ದು ನಿಂತರು. ಆಯುಷ್ಯವೆಲ್ಲ ಅರಳೆ ಹಿಂಜಿದ ಗಂಟಲು. ಪ್ರತಿ ಮಾತಿನ ಹಿಂದೆ ಹತ್ತಿಯ ಧೂಳು ಕುಳಿತಿದ್ದ ಹಾಗೆ.

"ಸಾಹೇಬ್ರ, ನಮ್ಮ ಓಣ್ಯಾಗ ಏರಿದ್ದು ಮಾಳಗೀರಿ, ನೆಲ ಅಲ್ಲ. ನಮ್ಮಪ್ಪನ ಕಾಲದಿಂದ ವರ್ಷಾ ಮ್ಯಾಲ ಮಣ್ಣ ಹಾಕ್ಕೋಂತ ಬಂದೀವಿ. ನಿಮ್ಮ ಹುಡುಗ ಅಳದದ್ದೂ ಅಲ್ಲೇ ನಿಂತು. ಕೆಳಗಿಳದು ಅಳೀರಿ. ನೀರು ಮಾಳಗಿ ಹತ್ತಿ ಬರೂದಿಲ್ರಿ, ಬಾಗಲದಾಗ ಬರತೈತಿ."

ಇಷ್ಟೇ ಮಾತು. ಈಗ ಅಕ್ಷರ ಬಿಡದೆ ಬರೆಯಬಲ್ಲೆ. ಅವತ್ತು ನನ್ನ ಕಿವಿ ಹಿಡಿದದ್ದು "ಹತ್ತಿ ಬರೂದಿಲ್ರಿ" ಎಂಬಲ್ಲಿ ಅವರ ಉಸಿರು ಸಿಕ್ಕಿ, ಬಿಟ್ಟು, ಮುಂದಿನ ಮಾತು ಸೀಟಿಯ ಹಾಗೆ ಹೊರಬಿದ್ದದ್ದನ್ನು.

ವಾಪಸು ಬರುವಾಗ ಜೀಪಿನಲ್ಲೇ ಶುರು ಮಾಡಿದೆ. ಮುಶಿಗೇರಿ ದಾಟುವಷ್ಟರಲ್ಲಿ ದನಿ ಪಕ್ಕಾ ಆಗಿತ್ತು. ಮರುದಿನ ಕಚೇರಿಯಲ್ಲಿ ಸರ್ ಸಭೆಯ ವರದಿ ನಮೂನೆ ತುಂಬುತ್ತ ಕೇಳಿದರು: "ಏನಪಾ ಅಂದ್ರ, ಆ ಸಾಬ್ರು ಏನೋ ತಕರಾರ ಹೇಳಿದ್ರಲ್ಲ. ಏನಂತ?"

ನಾನು ಗಡ್ಡ ನೀವಿಕೊಂಡು ಎದ್ದು ನಿಂತೆ. ಪೂರ್ತಿ ಹೇಳಿದೆ, ಕೆಮ್ಮು ಸಮೇತ. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಡ್ರೈವರು ಮೊಬೈಲಿನಲ್ಲಿ ಹಿಡಿಯುತ್ತ ಹೇಳಿದ: "ಇನ್ನೊಮ್ಮೆ ಮಾಡೋ, ಇನ್ನೊಮ್ಮೆ." ಮಾಡಿದೆ. ನಗು ನಿಂತ ಮೇಲೆ ಸರ್ ನಮೂನೆಯನ್ನು ನನ್ನ ಕಡೆ ಸರಿಸಿದರು. ತಕರಾರು ಎಂಬ ಕಾಲಮ್ಮಿನಲ್ಲಿ ನಾನು "ಇಲ್ಲ" ಎಂದು ಬರೆದೆ. ಸರ್ ಸಹಿ ಹಾಕಿದರು. ಅವರನ್ನು ದೂರುವುದಿಲ್ಲ, ಒಬ್ಬನ ಸಂಕಟ ಅವರಿಗೆ ನಗೆಯಾಗಿ ಮುಟ್ಟುವಂತೆ ಮಾಡಿದವನು ನಾನು. ಆ ವಿಡಿಯೋ ಕಚೇರಿಯ ಗುಂಪಿಗೆ ಹೋಯಿತು, ಡ್ರೈವರುಗಳ ಗುಂಪಿಗೆ ಹೋಯಿತು, ಅಲ್ಲಿಂದ ಹೊಳೆ ದಂಡೆಯ ಊರುಗಳಿಗೆಲ್ಲ ಹೋಯಿತು. ವಾರದ ತನಕ ಕಚೇರಿಯಲ್ಲಿ ಯಾರಾದರೂ ಕಾಗದ ಕೇಳಿದರೆ ಉತ್ತರ ಒಂದೇ: "ಬಾಗಲದಾಗ ಬರತೈತಿ."

ಅದರ ಮುಂದಿನ ವರ್ಷ ಹೊಳೆ ಬರಲಿಲ್ಲ. ನನ್ನ ನಕ್ಷೆ ಗೆದ್ದಂತೆಯೇ ಇತ್ತು. ಅದರಾಚೆಯ ಮಳೆಗಾಲದಲ್ಲಿ ಬಂತು, ಬಾಗಿಲಿನಿಂದಲೇ. ಓಣಿಯವರೆಲ್ಲ ಮಾಳಿಗೆ ಹತ್ತಿದರು. ಸುರಕ್ಷಿತ ಎಂದು ನಾನು ಬಣ್ಣ ಬಳಿದದ್ದು ಆ ಮಾಳಿಗೆಗಳಿಗೇ; ಅಷ್ಟರಮಟ್ಟಿಗೆ ನನ್ನ ನಕ್ಷೆ ಖರೇ ಇತ್ತು. ದೋಣಿಯಲ್ಲಿ ಎಲ್ಲರನ್ನೂ ಇಳಿಸಿಕೊಂಡರು. ಜೀವಕ್ಕೆ ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಮಣ್ಣಿನ ಗೋಡೆ ಬೆಲ್ಲದ ಹಾಗೆ ಕರಗಿ, ಮಾಳಿಗೆಗಳು ಒಂದೊಂದಾಗಿ ಕೂತವು.

ನೀರಿಳಿದ ಮೇಲೆ ಸರ್ ಜೊತೆ ಹೋದೆ. ಹುಸೇನಸಾಬರ ಹಿಂಜುವ ಯಂತ್ರ ಕೆಸರಿನಲ್ಲಿ ಅರ್ಧ ಹೂತಿತ್ತು. ಲಗ್ನದವರಿಗೆಂದು ಹೊಲಿದಿಟ್ಟ ಗಾದಿಗಳು ಹೊಳೆಯ ನೀರು ಕುಡಿದು ಎಮ್ಮೆಗಳ ಹಾಗೆ ಬಿದ್ದಿದ್ದವು. ನಾನು ಅಭ್ಯಾಸಬಲದಿಂದ ನಕ್ಷೆ ಬಿಚ್ಚಿದೆ. ಸರ್ ನೋಡಿ, "ನಕಾಶಿ ಮಡಚು" ಎಂದರು. ಅವರ ಬಾಯಿಂದ "ಏನಪಾ ಅಂದ್ರ" ಇಲ್ಲದೆ ಬಂದ ಮಾತು ನಾನು ಕೇಳಿದ್ದು ಅವತ್ತೇ ಮೊದಲು. ಗೋಡೆಗಳು ಬಿದ್ದು ಆಕಾಶ ಬಯಲಾಗಿತ್ತು. ಈಗ ಓಣಿಯ ನೆಲದಲ್ಲೇ ಕಂಬ ನೆಟ್ಟೆ. ಹಳೆಯ ಕಾಲುವೆ ನಕ್ಷೆಯ ಅಂಕಿಗೆ ಒಂದು ಗೇಣೂ ವ್ಯತ್ಯಾಸ ಬರಲಿಲ್ಲ. ಹೆಸರಿಲ್ಲದ ಆ ಮನುಷ್ಯ ಕೋಲು ಹಿಡಿದು ಇದೇ ಕೆಸರಿನಲ್ಲಿ ಇಳಿದು ನಿಂತಿದ್ದ.

ಮಾಬುಬಿ ಗಾದಿಯೊಂದನ್ನು ಎಳೆಯುತ್ತಿದ್ದರು. ನನ್ನನ್ನು ನೋಡಿ ನಿಂತರು. "ನಮ್ಮ ಮಾವನ ದನಿ ತಗದವರು ನೀವಽ ಏನ್ರಿ?"

ಹೌದೆಂದೆ.

"ಓಣಿ ಹುಡುಗ್ರು ಅದನ್ನ ನೋಡಿ ಹಂಗಽ ಮಾಡತಿದ್ವು. ಮಾವ ಎರಡು ವರ್ಷಾತ್ರಿ, ಸಭಾದಾಗ ಬಾಯಿ ಬಿಟ್ಟಿಲ್ಲ" ಎಂದು ಮತ್ತೆ ಗಾದಿ ಹಿಡಿದರು. ನಾನು ಇನ್ನೊಂದು ತುದಿ ಹಿಡಿಯಲು ಬಗ್ಗಿದೆ. "ಬಿಡ್ರಿ, ನಿಮ್ಮ ಅಂಗಿ-ಅರಿವಿ ಹೊಲಸಾದಾವು" ಎಂದರು.

ಎರಡನೆಯ ಪಟ್ಟಿಗೆ ವಿಚಾರಣೆ ಇಟ್ಟರು. ಆ ಓಣಿ ಈಗ ದಿಬ್ಬದ ಮೇಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಸಿಕ್ಕಿದ್ದು ಎಲ್ಲರೂ ಆರಿಸಿಕೊಂಡು ಬಿಟ್ಟ ಕೊನೆಯ ಸಾಲು. ತಗಡಿನ ಮನೆಗಳು, ನಡುವೆ ಅಂತರ. ಮಾಳಿಗೆಯಿಂದ ಮಾಳಿಗೆಗೆ ಹೋಗುವ ದಾರಿ ಯಾವ ಪಟ್ಟಿಯಲ್ಲೂ ಬರಲಿಲ್ಲ. ಹುಸೇನಸಾಬರು ಮತ್ತೆ ಯಂತ್ರ ಹೂಡಲಿಲ್ಲ. ನಾನು ಕೆಳಗಿಳಿದು ಒಂದೇ ಒಂದು ಸಲ ಅಳೆದಿದ್ದರೆ ಅವರು ಮೊದಲ ಸಾಲಿನಲ್ಲಿ, ಯಂತ್ರದ ಸಮೇತ ಇರುತ್ತಿದ್ದರು. ಈ ಲೆಕ್ಕವನ್ನು ಯಾವ ಬಣ್ಣದಲ್ಲೂ ತೋರಿಸಲಾರೆ.

ವಿಚಾರಣೆಗೆ ಬಂದ ಅಧಿಕಾರಿ ಮೇಡಂ ಫೈಲು ತಿರುವಿ ಹಾಕಿ, "ಈ ಓಣಿಯವರು ಮೊದಲನೇ ಸಭಾದಾಗ ತಕರಾರು ಹೇಳೇ ಇಲ್ಲ ಅಂತ ಬರದೈತಲ್ಲ. ಆವಾಗ ಹೇಳಿದವರ್ದು ಮೊದಲು. ಹೇಳಿದ್ದಕ್ಕ ಏನರೆ ದಾಖಲೆ ಐತೇನ್ರಿ?" ಎಂದರು.

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹುಸೇನಸಾಬರು ಹಿಂದಿನ ಸಾಲಿನಲ್ಲಿ ಕೂತಿದ್ದರು. ದಾಖಲೆ ಇಡೀ ಲೋಕದಲ್ಲಿ ಒಂದೇ ಇತ್ತು, ನಗಲೆಂದು ಊರೂರಿಗೆ ಹೋದ ಆ ವಿಡಿಯೋ; ಅದು ನನ್ನ ಜೇಬಿನಲ್ಲೂ ಇತ್ತು. ನಾನು ಮೊಬೈಲು ತೆಗೆದದ್ದು ನೋಡಿ ಪಾಟೀಲ ಸರ್ ಮೆಲ್ಲಗೆ ನನ್ನ ಮೊಣಕೈ ಹಿಡಿದರು. "ಬ್ಯಾಡಪಾ. ನಿನ್ನ ಕೆಲಸ ಹೋಗತೈತಿ, ನನ್ನ ಪೆನ್ಶನ್ನಿಗೂ ಕುತ್ತು." ಆಮೇಲೆ ಓಣಿಯವರ ಕಡೆ ನೋಡಿ, ತಾವೇ ಕೈ ಬಿಟ್ಟರು.

ಮೇಜಿನ ಮೇಲಿಟ್ಟು ಒತ್ತಿದೆ. ನಮ್ಮ ಕಚೇರಿಯ ನಗು ಮೊದಲು ಬಂತು. ಆಮೇಲೆ ಕೆಮ್ಮು. ಆಮೇಲೆ ಆ ಮಾತು, ಒಂದೂ ಬಿಡದೆ: ಏರಿದ್ದು ಮಾಳಿಗೆ, ಹುಡುಗ ಅಳೆದದ್ದೂ ಅಲ್ಲೇ ನಿಂತು, ಕೆಳಗಿಳಿದು ಅಳೀರಿ. ಕೆಳಗೆ ಸಭೆಯ ಮರುದಿನದ ತಾರೀಖಿತ್ತು. ಯಾರೂ ನಗಲಿಲ್ಲ. ಆ ದನಿ ನಾನು ತೆಗೆದ ದನಿಗಳಲ್ಲೆಲ್ಲ ಉತ್ತಮವಾದದ್ದೆಂದು ಎಷ್ಟೋ ಜನರ ಮುಂದೆ ಕೊಚ್ಚಿಕೊಂಡಿದ್ದೆ. ದನಿಯ ಒಡೆಯರ ಎದುರಿಗೆ ಕೂತು ಕೇಳಿದ್ದು ಅದೇ ಮೊದಲು.

ಮೇಡಂ ಪೆನ್ನು ಕೈಗೆತ್ತಿಕೊಂಡು, ನನ್ನನ್ನು ಬಿಟ್ಟು ಅವರನ್ನೇ ಕೇಳಿದರು: "ಅಜ್ಜಾರ, ಇದು ನಿಮ್ಮ ದನಿ ಏನ್ರಿ?"

ಹುಸೇನಸಾಬರು ಎದ್ದು ನಿಂತರು. ಗಡ್ಡ ನೀವಿಕೊಳ್ಳಲು ಹೋದ ಕೈ, ನನ್ನನ್ನು ಕಂಡು, ಅಲ್ಲೇ ನಿಂತಿತು.

"ದನಿ ನಂದಲ್ರಿ, ಮಾತ ನಂದು. ದನಿ ಅವರಽ ಇಟ್ಗೊಳ್ಳಿ. ನೀವು ಮಾತ ಬರ್ಕೋರ್ರಿ."